ಅಮ್ಲಪಿತ್ತವೂ ಅದರ ಔಷಧಗಳೂ: ಒಂದು ವಿವೇಚನೆ

ಊಟವಾದ ಮೇಲೆ ಎದೆಗೂಡಿನಲ್ಲಿ ಉರಿ, ಗಂಟಲವರೆಗೆ ಏರಿಬರುವ ಹುಳಿನೀರು, ಬಿಡದೆ ಕಾಡುವ ತೇಗು, ಹೊಟ್ಟೆಯ ಉಬ್ಬರ: ಈ ತೊಂದರೆಗಳಿಗೆಲ್ಲ ಇಂದಿನ ಬಳಕೆಯ ಮಾತಿನಲ್ಲಿ ‘ಆಸಿಡಿಟಿ’ ಎಂಬುದೊಂದೇ ಹೆಸರು. ಆಯುರ್ವೇದದ ಚೂರ್ಣಗಳ ಡಬ್ಬಿಗಳ ಮೇಲೆ ಇದನ್ನೇ ‘ಅಮ್ಲಪಿತ್ತ’ವೆಂದು ಅಚ್ಚುಮಾಡಿರುವುದುಂಟು. ಒಂದು ಇಂಗ್ಲಿಷಿನ ಮಾತು, ಮತ್ತೊಂದು ಸಂಸ್ಕೃತದ ಮಾತು. ಎರಡೂ ಒಂದೇ ವಸ್ತುವನ್ನು ಹೇಳುತ್ತವೆಂದು ಓದುವವರು ಸಹಜವಾಗಿಯೇ ಭಾವಿಸುತ್ತಾರೆ. ಈ ಸಮೀಕರಣದಿಂದ ಪರಸ್ಪರ ವಿರುದ್ಧವಾದ ಎರಡು ನಿಲುವುಗಳು ಹುಟ್ಟಿವೆ. ಆಧುನಿಕ ವಿಜ್ಞಾನವು ಕಂಡುದನ್ನೆಲ್ಲ ನಮ್ಮ ಪ್ರಾಚೀನರು ಮೊದಲೇ ಕಂಡಿದ್ದರೆಂಬುದು ಒಂದು; ಪ್ರಯೋಗಶಾಲೆಯಲ್ಲಿ ಆಮ್ಲವನ್ನು ತಗ್ಗಿಸದ ಚೂರ್ಣವು ಬರಿಯ ಬೂದಿಯೆಂಬುದು ಇನ್ನೊಂದು. ಇವೆರಡೂ ಔಷಧವನ್ನು ಬಿಚ್ಚಿ ನೋಡುವ ಶ್ರಮವನ್ನು ತಪ್ಪಿಸುವ ಸುಲಭೋಪಾಯಗಳೆಂದು ನಮ್ಮ ಅಭಿಪ್ರಾಯ. ಅಮ್ಲಪಿತ್ತಕ್ಕೆಂದು ಹೇಳಿರುವ ಔಷಧಗಳು ಒಂದೇ ಬಗೆಯಲ್ಲಿ ಕೆಲಸಮಾಡುವುದಿಲ್ಲ; ಒಂದು ಭೇದಿ ಮಾಡಿಸುತ್ತದೆ, ಒಂದು ಆಮ್ಲವನ್ನು ಕೊಲ್ಲುತ್ತದೆ, ಒಂದು ಜಠರದ ಒಳಪೊರೆಯನ್ನು ಕಾಯುತ್ತದೆ. ಆದುದರಿಂದ ಅವುಗಳ ಗುಣವನ್ನೂ ಅಪಾಯವನ್ನೂ ಒಂದೊಂದಾಗಿಯೇ ತೂಗಬೇಕು. ಪ್ರಕೃತ ಲೇಖನದಲ್ಲಿ ಅಂಥ ಕೆಲವನ್ನು ಮಾತ್ರ ಎತ್ತಿಕೊಳ್ಳುತ್ತೇವೆ.

ಮೊದಲು ಹೆಸರಿನ ವಿಚಾರ. ಚರಕಸಂಹಿತೆಯಲ್ಲಿ ಅಮ್ಲಪಿತ್ತಕ್ಕೆ ಪ್ರತ್ಯೇಕವಾದ ಅಧ್ಯಾಯವಿಲ್ಲ. ಗ್ರಹಣೀರೋಗವನ್ನು ಹೇಳುವಲ್ಲಿ, ಜೀರ್ಣವಾಗದೆ ವಿಷದಂತಾದ ಅನ್ನವು ಪಿತ್ತದೊಡನೆ ಕೂಡಿದಾಗ ಬರುವ ವಿಕಾರಗಳಲ್ಲಿ ಒಂದಾಗಿ ಅದರ ಹೆಸರು ಬರುತ್ತದೆ. ಅದನ್ನು ಸ್ವತಂತ್ರ ರೋಗವೆಂದು ವಿಸ್ತಾರವಾಗಿ ವರ್ಣಿಸಿರುವುದು ಕಾಶ್ಯಪಸಂಹಿತೆಯ ಖಿಲಭಾಗದಲ್ಲಿ. ನೇಪಾಳದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ ಈ ಗ್ರಂಥವು 1938ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅಚ್ಚಾಯಿತು. ಕ್ರಿ.ಶ. 7ನೆಯ ಅಥವಾ 8ನೆಯ ಶತಮಾನದವನೆಂದು ಎಣಿಸಲಾಗುವ ಮಾಧವಕರನು ತನ್ನ ನಿದಾನಗ್ರಂಥದಲ್ಲಿ ಇದಕ್ಕೊಂದು ಅಧ್ಯಾಯವನ್ನು ಮೀಸಲಿಟ್ಟು, ಮೇಲ್ಮುಖವಾದ ಊರ್ಧ್ವಗ, ಕೆಳಮುಖವಾದ ಅಧೋಗ ಎಂದು ಎರಡು ಭೇದಗಳನ್ನು ಹೇಳಿದನು. ಅನ್ನವು ಪಾಕವಾಗದಿರುವಿಕೆ, ಬಳಲಿಕೆ, ಓಕರಿಕೆ, ಕಹಿ ಹುಳಿಗಳಿಂದ ಕೂಡಿದ ತೇಗು, ಎದೆ ಗಂಟಲುಗಳ ಉರಿ, ಊಟದಲ್ಲಿ ಅರುಚಿ ಇವು ಅವನು ಕೊಡುವ ಸಾಮಾನ್ಯ ಲಕ್ಷಣಗಳು.

ಈ ವರ್ಣನೆಯ ಹಿಂದಿರುವ ತತ್ತ್ವವನ್ನು ಸ್ವಲ್ಪ ವಿವರಿಸಬೇಕು. ಉಂಡ ಅನ್ನವು ಪಾಕವಾಗುವಾಗ ಮೊದಲು ಮಧುರ, ಬಳಿಕ ಆಮ್ಲ, ಕೊನೆಗೆ ಕಟು ಎಂಬ ಮೂರು ಅವಸ್ಥೆಗಳನ್ನು ಹಾಯುತ್ತದೆಂದು ಚರಕನ ಮತ. ಆದುದರಿಂದ ಹೊಟ್ಟೆಯಲ್ಲಿ ಅನ್ನವು ಹುಳಿಯಾಗುವುದೇ ರೋಗವಲ್ಲ. ಅದು ಪಚನಕ್ರಮದಲ್ಲಿ ನ್ಯಾಯವಾಗಿ ಬರತಕ್ಕ ಒಂದು ಘಟ್ಟ. ಅಗ್ನಿಯು ಮಂದವಾಗಿ, ಅರೆಬೆಂದ ಅನ್ನವು ಅಲ್ಲಿಯೇ ನಿಂತು ಹುಳಿತಾಗ ಮಾತ್ರ ಅದು ವಿಕಾರ. ಹುಳಿ ಅಂಟಿದ ಮೊಸರಿನ ಗಡಿಗೆಗೆ ಹಾಲು ಹೊಯ್ದರೆ ಅದು ಬೇಗನೆ ಕೆಡುವಂತೆ, ಕೆಟ್ಟ ಜಠರಕ್ಕೆ ಬಿದ್ದ ಅನ್ನವೂ ಹುಳಿಯುತ್ತದೆಂಬ ಹೋಲಿಕೆಯನ್ನು ಕಾಶ್ಯಪಸಂಹಿತೆಯು ಕೊಡುತ್ತದೆ. ಮನೆಯಲ್ಲಿ ಹಾಲುಮೊಸರಿನ ವ್ಯವಹಾರವುಳ್ಳವರಿಗೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗಲಾರದು. ಇಲ್ಲಿ ದೋಷವು ಹುಳಿಯ ಪ್ರಮಾಣದಲ್ಲಿಲ್ಲ, ಗಡಿಗೆಯ ಸ್ಥಿತಿಯಲ್ಲಿದೆ ಎಂಬುದು ಗಮನಾರ್ಹ.

ಇನ್ನು ‘ಆಸಿಡಿಟಿ’ ಎಂಬ ಹೆಸರು. ಜಠರರಸದಲ್ಲಿರುವ ಆಮ್ಲವು ಹೈಡ್ರೋಕ್ಲೋರಿಕ್ ಆಮ್ಲವೆಂಬುದನ್ನು ವಿಲಿಯಂ ಪ್ರೌಟ್ ಎಂಬ ಆಂಗ್ಲ ವೈದ್ಯನು 1824ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ತೋರಿಸಿದನು. ದಿನವೊಂದಕ್ಕೆ ಒಂದೂವರೆಯಿಂದ ಎರಡು ಲೀಟರಿನಷ್ಟು ಜಠರರಸವು ಆರೋಗ್ಯವಂತನಲ್ಲಿಯೂ ಸ್ರವಿಸುತ್ತದೆ. ಜಠರದ ಒಳಪೊರೆಗೆ ಲೋಳೆಯ ಹೊದಿಕೆಯಿರುವುದರಿಂದ ಆ ತೀಕ್ಷ್ಣದ್ರವವು ಅದನ್ನು ಸುಡುವುದಿಲ್ಲ. ಅನ್ನನಾಳಕ್ಕೆ ಅಂಥ ರಕ್ಷೆಯಿಲ್ಲ. ಅನ್ನನಾಳವೂ ಜಠರವೂ ಕೂಡುವೆಡೆಯ ಬಿಗಿತ ಸಡಲಿ ರಸವು ಮೇಲಕ್ಕೆ ಉಕ್ಕಿದರೆ ಎದೆಯುರಿ ಹುಟ್ಟುತ್ತದೆ. ಎದೆಯುರಿಯಿಂದ ನರಳುವವರಲ್ಲಿ ಬಹುಪಾಲು ಮಂದಿಗೆ ಆಮ್ಲದ ಪ್ರಮಾಣ ಹೆಚ್ಚಾಗಿಯೇನೂ ಇರುವುದಿಲ್ಲ. ಇರಬಾರದ ಜಾಗದಲ್ಲಿ ಆಮ್ಲವಿದೆ, ಅಷ್ಟೆ. ಹೊಟ್ಟೆಯುಬ್ಬರ ಮತ್ತು ಬೇಗ ಹೊಟ್ಟೆತುಂಬಿದಂತಾಗುವ ದೂರುಗಳಲ್ಲಿ ಆಮ್ಲಕ್ಕಿಂತ ಜಠರದ ಚಲನೆಯೂ ಅಲ್ಲಿನ ನರಗಳ ಅತಿಸೂಕ್ಷ್ಮತೆಯೂ ಮುಖ್ಯ ಕಾರಣಗಳಾಗಿರಬಹುದು. ಜಠರದ ಮತ್ತು ಕರುಳಿನ ಆರಂಭಭಾಗದ ಹುಣ್ಣುಗಳಂತೂ ಬಹುಮಟ್ಟಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯದಿಂದಲೂ ನೋವಿನ ಗುಳಿಗೆಗಳಿಂದಲೂ ಬರುತ್ತವೆ. ಈ ಬ್ಯಾಕ್ಟೀರಿಯವನ್ನು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಬೆಳೆಸಿ ತೋರಿಸಿದರು; 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಹೀಗಿರಲು, ಅಮ್ಲಪಿತ್ತವೆಂಬ ಹೆಸರು ಇಂದಿನ ಯಾವುದೊಂದು ರೋಗಕ್ಕೂ ಸರಿಯಾಗಿ ಹೊಂದುವುದಿಲ್ಲ; ಹಲವು ರೋಗಗಳ ಮೇಲೆ ಹಾಸಿದ ಒಂದೇ ಕಂಬಳಿ ಅದು. ಅದರ ಅಡಿಯಲ್ಲಿ ಅಪಾಯಕರವಾದುವೂ ಇವೆ. ಊರ್ಧ್ವಗ ಅಮ್ಲಪಿತ್ತದಲ್ಲಿ ರೋಗಿಯು ಕಾರುವುದನ್ನು ವರ್ಣಿಸುತ್ತ ಮಾಧವಕರನು ಹಸುರು, ಹಳದಿ, ಕಪ್ಪು, ಕೆಂಪು ಬಣ್ಣಗಳನ್ನೂ ಮಾಂಸ ತೊಳೆದ ನೀರಿನಂಥ ವಾಂತಿಯನ್ನೂ ಹೇಳುತ್ತಾನೆ. ಇದು ರಕ್ತಸ್ರಾವವಾಗುತ್ತಿರುವ ಹುಣ್ಣಿನ ಚಿತ್ರವಿರಬಹುದೆಂದು ವೈದ್ಯವಿದ್ಯಾರ್ಥಿಯು ತಟ್ಟನೆ ಊಹಿಸಿಯಾನು. ಇಂಥ ರೋಗಿಯನ್ನೂ ಮದುವೆಮನೆಯ ಊಟ ಹೆಚ್ಚಾಗಿ ತೇಗುತ್ತಿರುವವನನ್ನೂ ಒಂದೇ ಚೂರ್ಣದಿಂದ ಉಪಚರಿಸುವುದು ಆ ಶಾಸ್ತ್ರಕಾರನಿಗೂ ಒಪ್ಪಿಗೆಯಾಗುತ್ತಿರಲಿಲ್ಲ. ಕಪ್ಪನೆಯ ಮಲ, ರಕ್ತವಾಂತಿ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಇಳಿವಯಸ್ಸಿನಲ್ಲಿ ಹೊಸದಾಗಿ ತಲೆದೋರಿದ ಅಜೀರ್ಣ ಇವುಗಳಲ್ಲಿ ಯಾವುದೊಂದು ಕಂಡರೂ ಎಂಡೋಸ್ಕೋಪಿನ ಪರೀಕ್ಷೆಯ ಬಗೆಗೆ ವೈದ್ಯರನ್ನು ಕೇಳಬೇಕು. ನಡೆದಾಗ ಏರಿ ನಿಂತಾಗ ಇಳಿಯುವ, ಬೆವರಿನೊಡನೆ ತೋಳಿಗೋ ದವಡೆಗೋ ಹಬ್ಬುವ ಎದೆನೋವನ್ನು ‘ಗ್ಯಾಸು’ ಎಂದು ಜೀರಿಗೆ ಕಷಾಯ ಕುಡಿದು ಮಲಗುವುದು ನಮ್ಮಲ್ಲಿ ಅಪರೂಪವಲ್ಲ. ಅದು ಹೃದಯದ ನೋವಾಗಿದ್ದರೆ, ಆ ರಾತ್ರಿ ಕಳೆದ ಪ್ರತಿಯೊಂದು ಗಂಟೆಯೂ ಹೃದಯದ ಸ್ನಾಯುವಿನ ನಷ್ಟ.

ಇಷ್ಟು ಎಚ್ಚರವನ್ನು ಮುಂದಿಟ್ಟುಕೊಂಡು ಔಷಧಗಳ ಕಡೆಗೆ ತಿರುಗೋಣ. ಈ ರೋಗದಲ್ಲಿ ಅತ್ಯಂತ ಪ್ರಸಿದ್ಧವಾದುದು ಅವಿಪತ್ತಿಕರ ಚೂರ್ಣ. ಭೈಷಜ್ಯರತ್ನಾವಳಿಯ ಅಮ್ಲಪಿತ್ತಾಧಿಕಾರದಲ್ಲಿ ಹೇಳಿರುವ ಇದರ ಪಾಠವನ್ನು ಭಾರತ ಸರ್ಕಾರದ ಆಯುರ್ವೇದ ಯೋಗಸಂಗ್ರಹವೂ ಸ್ವೀಕರಿಸಿದೆ. ಶುಂಠಿ, ಮೆಣಸು, ಹಿಪ್ಪಲಿ, ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ, ಕೊನ್ನಾರಿಗೆಡ್ಡೆ, ವಿಡಲವಣ, ವಾಯುವಿಳಂಗ, ಏಲಕ್ಕಿ, ತಮಾಲಪತ್ರೆ ಈ ಹನ್ನೊಂದು ದ್ರವ್ಯಗಳು ಒಂದೊಂದು ಭಾಗ. ಲವಂಗ 11 ಭಾಗ. ತಿಗಡೆಯ ಬೇರು 44 ಭಾಗ. ಸಕ್ಕರೆ 66 ಭಾಗ. ಒಟ್ಟು 132 ಭಾಗ. ಈ ಲೆಕ್ಕವನ್ನು ವಿದ್ಯಾರ್ಥಿಗಳು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕೆಂದು ನಮ್ಮ ಸಲಹೆ. ಚೂರ್ಣದ ಅರ್ಧ ಭಾಗ ಸಕ್ಕರೆ. ಮೂರರಲ್ಲೊಂದು ಭಾಗ ತಿಗಡೆ. ಹೆಸರು ಕೇಳಿದೊಡನೆ ಎಲ್ಲರಿಗೂ ನೆನಪಾಗುವ ತ್ರಿಕಟು ತ್ರಿಫಲಗಳೆರಡೂ ಸೇರಿದರೆ ನೂರಕ್ಕೆ ಐದಕ್ಕಿಂತಲೂ ಕಡಿಮೆ.

ತಿಗಡೆಯೆಂಬುದು ವಿರೇಚಕ ದ್ರವ್ಯ. ಸುಖವಾಗಿ ಭೇದಿ ಮಾಡಿಸುವ ಔಷಧಗಳಲ್ಲಿ ಅದನ್ನು ಶ್ರೇಷ್ಠವೆಂದು ಶಾಸ್ತ್ರವು ಎಣಿಸುತ್ತದೆ. 6 ಗ್ರಾಂ ಚೂರ್ಣವನ್ನು ತೆಗೆದುಕೊಂಡವನು 2 ಗ್ರಾಂ ತಿಗಡೆಯನ್ನೂ 3 ಗ್ರಾಂ ಸಕ್ಕರೆಯನ್ನೂ ತೆಗೆದುಕೊಂಡಂತಾಯಿತು. ಆದುದರಿಂದ ಅವಿಪತ್ತಿಕರವು ಆಮ್ಲವನ್ನು ತಗ್ಗಿಸುವ ಔಷಧವೆನ್ನುವುದಕ್ಕಿಂತ, ಸಿಹಿಯಲ್ಲಿ ಮುಚ್ಚಿಟ್ಟ ಮೃದುವಿರೇಚನವೆನ್ನುವುದು ಸರಿಯಾದ ಮಾತು. ಇದರಲ್ಲಿ ಶಾಸ್ತ್ರವಿರೋಧವೇನೂ ಇಲ್ಲ. ಪಿತ್ತಕ್ಕೆ ವಿರೇಚನವೇ ಪರಮೋಪಾಯವೆಂಬುದೂ, ಅಮ್ಲಪಿತ್ತದಲ್ಲಿ ಮೊದಲು ವಮನ ಬಳಿಕ ಮೃದುವಿರೇಚನವೆಂಬುದೂ ಹಳೆಯ ಚಿಕಿತ್ಸಾಕ್ರಮವೇ. ಮಲಬದ್ಧತೆಯೊಡನೆ ಹೊಟ್ಟೆಯುಬ್ಬರವಿರುವವನಿಗೆ ಇದರಿಂದ ಬೆಳಗಾಗುವುದರೊಳಗೆ ಹಿತವೆನಿಸುವುದೂ ಆಶ್ಚರ್ಯವಲ್ಲ. ಆದರೆ ಶಾಸ್ತ್ರದಲ್ಲಿ ಶೋಧನಕ್ಕೆ ಕಾಲಮಿತಿಯಿದೆ, ರೋಗಿಯ ಬಲದ ವಿಚಾರಣೆಯಿದೆ. ವಿರೇಚನವನ್ನು ವರ್ಷವಿಡೀ ರಾತ್ರಿಯ ಹಾಲಿನಂತೆ ಸೇವಿಸಬೇಕೆಂದು ಯಾವ ಆಚಾರ್ಯನೂ ಹೇಳಿಲ್ಲ. ತಾನಾಗಿಯೇ ಸಡಿಲವಾಗಿ ಮಲ ಹೋಗುತ್ತಿರುವವನಿಗೂ, ಗರ್ಭಿಣಿಗೂ, ಅರ್ಧ ಭಾಗ ಸಕ್ಕರೆಯೆಂಬುದನ್ನರಿಯದ ಮಧುಮೇಹಿಗೂ ಈ ಚೂರ್ಣವನ್ನು ‘ಗಿಡಮೂಲಿಕೆ, ತೊಂದರೆಯಿಲ್ಲ’ ಎಂದು ಕೊಡುವವರು ಡಬ್ಬಿಯ ಹಿಂಬದಿಯನ್ನು ಓದಿರುವುದಿಲ್ಲ.

ಆಮ್ಲವನ್ನು ನೇರವಾಗಿ ಕೊಲ್ಲುವ ವರ್ಗವೂ ಆಯುರ್ವೇದದಲ್ಲಿದೆ. ಶಂಖ, ಕವಡೆ, ಮುತ್ತಿನ ಚಿಪ್ಪು, ಹವಳ ಇವುಗಳ ಭಸ್ಮಗಳು ಆ ವರ್ಗಕ್ಕೆ ಸೇರಿದುವು. ಇವೆಲ್ಲವುಗಳ ಮೂಲ ಕ್ಯಾಲ್ಸಿಯಂ ಕಾರ್ಬೊನೇಟು. ಪುಟವಿಟ್ಟಾಗ ಅದರಲ್ಲಿ ಸ್ವಲ್ಪ ಭಾಗ ಸುಣ್ಣವಾಗಬಹುದು. ರಸಾಯನಶಾಸ್ತ್ರದ ಮೊದಲ ವರ್ಷದ ಪಾಠದಂತೆ, 1 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟು 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದ 200 ಮಿಲಿಲೀಟರನ್ನು ತಟಸ್ಥಗೊಳಿಸುತ್ತದೆ. ಶಂಖಭಸ್ಮದ ಮಾತ್ರೆಯಾದ 250 ಮಿಲಿಗ್ರಾಂ ಎಲ್ಲವೂ ಕಾರ್ಬೊನೇಟೆಂದೇ ಇಟ್ಟುಕೊಂಡರೂ 50 ಮಿಲಿಲೀಟರಿಗೆ ಮಾತ್ರ ಸಾಕಾಗುತ್ತದೆ. ಅಂಗಡಿಯಲ್ಲಿ ದೊರೆಯುವ 500 ಮಿಲಿಗ್ರಾಂ ಸೀಮೆಸುಣ್ಣದ ಗುಳಿಗೆಯ ಕೆಲಸ ಅದರ ಎರಡರಷ್ಟು. ಎರಡೂ ಒಂದೇ ವಸ್ತು. ಒಂದರ ಬೆಲೆ ಹೆಚ್ಚು, ಇನ್ನೊಂದರ ಗೌರವ ಕಡಿಮೆ. ಆಮ್ಲವು ಕಾರ್ಬೊನೇಟಿನೊಡನೆ ಕೂಡಿದಾಗ ಇಂಗಾಲದ ಡೈ ಆಕ್ಸೈಡು ಏಳುವುದರಿಂದ ಬರುವ ದೊಡ್ಡ ತೇಗನ್ನು ಔಷಧದ ಪ್ರಭಾವವೆಂದು ರೋಗಿಯು ಸಂತೋಷಪಡುತ್ತಾನೆ. ಉಪಶಮನವು ನಿಜ, ಆದರೆ ಅಲ್ಪಕಾಲದ್ದು.

ಈ ಮಾರ್ಗದ ಅತಿರೇಕವನ್ನು ನೋಡಬೇಕಾದರೆ ಭಾರತಕ್ಕಿಂತ ಅಮೆರಿಕದ ಕಡೆಗೆ ತಿರುಗಬೇಕು. ಷಿಕಾಗೋವಿನ ಬರ್ಟ್ರಂ ಸಿಪ್ಪಿ ಎಂಬ ವೈದ್ಯನು 1915ರಲ್ಲಿ ಜಠರದ ಹುಣ್ಣಿಗೆ ಗಂಟೆಗೊಮ್ಮೆ ಹಾಲು ಕೆನೆಗಳನ್ನೂ ನಡುನಡುವೆ ಕ್ಷಾರಪುಡಿಗಳನ್ನೂ ಕೊಡುವ ಕ್ರಮವನ್ನು ಪ್ರಚುರಪಡಿಸಿದನು. ಅದು ದಶಕಗಳ ಕಾಲ ನಡೆಯಿತು. ಅದನ್ನು ದೀರ್ಘಕಾಲ ಪಾಲಿಸಿದ ಕೆಲವು ರೋಗಿಗಳ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಗಳು ಕೆಟ್ಟುವು. ಹಾಲು ಕುಡಿದೊಡನೆ ಉರಿ ತಣ್ಣಗಾಗುವುದೇನೋ ಹೌದು; ಆದರೆ ಹಾಲಿನ ಸಸಾರಜನಕವೂ ಕ್ಯಾಲ್ಸಿಯಮೂ ಸ್ವಲ್ಪ ಹೊತ್ತಿನಲ್ಲಿ ಜಠರವನ್ನು ಇನ್ನಷ್ಟು ಆಮ್ಲ ಸುರಿಸುವಂತೆ ಪ್ರೇರಿಸುತ್ತವೆ. ರಾತ್ರಿ ಮಲಗುವ ಮುನ್ನ ತಣ್ಣನೆಯ ಹಾಲಿನ ಲೋಟವನ್ನೇ ನಂಬಿಕೊಂಡವರು ಇದನ್ನು ತಿಳಿದಿರಬೇಕು. ಅಡುಗೆ ಸೋಡದ ಮಾತೂ ಇದೇ; ಅದರ ಸೋಡಿಯಂ ರಕ್ತದೊತ್ತಡವುಳ್ಳವರಿಗೆ ಹಿತವಲ್ಲ.

ಇನ್ನು ಜ್ಯೇಷ್ಠಮಧು. ಅತಿಮಧುರ, ಯಷ್ಟಿಮಧು ಎಂಬ ಹೆಸರುಗಳೂ ಇದಕ್ಕುಂಟು. ನಮ್ಮ ವಿಷಯದಲ್ಲಿ ಇದಕ್ಕಿಂತ ಬೋಧಪ್ರದವಾದ ದ್ರವ್ಯ ಮತ್ತೊಂದಿಲ್ಲವಾದುದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇವೆ. ಮೆಡಿಟರೇನಿಯನ್ ತೀರದಿಂದ ಪಶ್ಚಿಮ ಏಷ್ಯದವರೆಗೆ ಬೆಳೆಯುವ ಒಂದು ಸಣ್ಣ ಗಿಡದ ಬೇರು ಇದು. ನಮ್ಮ ಗ್ರಂಧಿಗೆ ಅಂಗಡಿಗಳಿಗೆ ಬರುವುದು ಹೆಚ್ಚಾಗಿ ಹೊರದೇಶಗಳಿಂದಲೇ. ಸಂಗೀತಗಾರರು ಗಂಟಲಿಗೆಂದು ಬಾಯಲ್ಲಿಟ್ಟುಕೊಳ್ಳುವ ಈ ಬೇರನ್ನು ಆಯುರ್ವೇದವು ಶೀತವೀರ್ಯವೆಂದೂ ಪಿತ್ತಶಾಮಕವೆಂದೂ ವ್ರಣಕ್ಕೆ ಹಿತವೆಂದೂ ವರ್ಣಿಸುತ್ತದೆ.

1946ರಲ್ಲಿ ಹಾಲೆಂಡಿನ ರೆವರ್ಸ್ ಎಂಬ ವೈದ್ಯನು, ಅಲ್ಲಿನ ಒಬ್ಬ ಔಷಧವ್ಯಾಪಾರಿ ಮಾರುತ್ತಿದ್ದ ಜ್ಯೇಷ್ಠಮಧುವಿನ ರಸದಿಂದ ಜಠರದ ಹುಣ್ಣಿನ ರೋಗಿಗಳು ಗುಣಹೊಂದುತ್ತಿರುವುದನ್ನು ಗಮನಿಸಿ ಅದನ್ನು ವರದಿಮಾಡಿದನು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು: ಐವರಲ್ಲಿ ಒಬ್ಬರಿಗೆ ಮುಖ ಕಾಲುಗಳಲ್ಲಿ ಬಾವು ಕಾಣಿಸಿಕೊಂಡಿತು. ಈ ಸುಳಿವನ್ನು ಹಿಡಿದು ಬ್ರಿಟನ್ನಿನ ರಸಾಯನವಿಜ್ಞಾನಿಗಳು ಬೇರಿನ ಮಧುರಸತ್ತ್ವವಾದ ಗ್ಲಿಸಿರೈಜಿನ್ನಿನಿಂದ ಕಾರ್ಬೆನಾಕ್ಸಲೋನ್ ಎಂಬ ಔಷಧವನ್ನು ತಯಾರಿಸಿದರು. 1960ರ ದಶಕದ ಆದಿಯಲ್ಲಿ ಅದು ಬಳಕೆಗೆ ಬಂದಿತು. ಜಠರದ ಹುಣ್ಣನ್ನು ಗುಣಪಡಿಸುತ್ತದೆಂದು ಕ್ರಮಬದ್ಧವಾದ ಪರೀಕ್ಷೆಗಳಿಂದ ಸಿದ್ಧವಾದ ಮೊದಲ ಔಷಧಗಳಲ್ಲಿ ಅದೂ ಒಂದು. ಅದು ಆಮ್ಲವನ್ನು ತಗ್ಗಿಸುತ್ತಿರಲಿಲ್ಲ. ಜಠರದ ಲೋಳೆಯ ಹೊದಿಕೆಯನ್ನು ಬಲಪಡಿಸುತ್ತಿತ್ತು. ಕಾಶ್ಯಪನ ಮಾತಿನಲ್ಲಿ ಹೇಳುವುದಾದರೆ, ಹಾಲನ್ನಲ್ಲ, ಗಡಿಗೆಯನ್ನು ನೋಡಿಕೊಳ್ಳುವ ಔಷಧ.

ಆದರೆ ಬಾವು ಅದನ್ನೂ ಬಿಡಲಿಲ್ಲ. ಕಾರಣವು 1980ರ ದಶಕದಲ್ಲಿ ಸ್ಪಷ್ಟವಾಯಿತು. ನಮ್ಮ ಮೂತ್ರಪಿಂಡದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಒಂದು ಕಿಣ್ವವಿದೆ. ಗ್ಲಿಸಿರೈಜಿನ್ನಿನಿಂದ ಹುಟ್ಟುವ ಆಮ್ಲವು ಆ ಕಿಣ್ವವನ್ನು ತಡೆಯುತ್ತದೆ. ಆಗ ಉಳಿದುಕೊಂಡ ಕಾರ್ಟಿಸೋಲು ಆಲ್ಡೋಸ್ಟಿರೋನಿನ ವೇಷ ತೊಟ್ಟು ಕೆಲಸಮಾಡುತ್ತದೆ: ಉಪ್ಪು ನೀರುಗಳು ದೇಹದಲ್ಲಿ ನಿಲ್ಲುತ್ತವೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ಪೊಟ್ಯಾಸಿಯಂ ತೀರ ಇಳಿದರೆ ಸ್ನಾಯುಗಳು ಸೋಲುತ್ತವೆ, ಹೃದಯದ ಗತಿ ತಪ್ಪುತ್ತದೆ. ಯೂರೋಪಿನ ಆಹಾರತಜ್ಞರ ಸಮಿತಿಯು ನಿತ್ಯಸೇವನೆಯಲ್ಲಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ನಿಗೆ ಮೀರಬಾರದೆಂದು ಸೂಚಿಸಿದೆ. ನಮ್ಮ ಆಯುರ್ವೇದ ಫಾರ್ಮಕೋಪಿಯವು ಹೇಳುವ ಚೂರ್ಣದ ಪ್ರಮಾಣ 2ರಿಂದ 4 ಗ್ರಾಂ. ಬೇರಿನಲ್ಲಿ ನೂರಕ್ಕೆ 4ರಷ್ಟು ಗ್ಲಿಸಿರೈಜಿನ್ ಇದೆಯೆಂದು ಇಟ್ಟುಕೊಂಡರೆ 3 ಗ್ರಾಂ ಚೂರ್ಣದಲ್ಲಿ 120 ಮಿಲಿಗ್ರಾಂ ಆಯಿತು. ಎರಡು ವಾರಗಳ ಚಿಕಿತ್ಸೆಗೆ ಇದು ಭಯಪಡತಕ್ಕ ಸಂಗತಿಯಲ್ಲ. ಆದರೆ ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆಯನ್ನು ನುಂಗುತ್ತಿರುವ ಅರುವತ್ತರ ಹಿರಿಯರು ಎದೆಯುರಿಗೆಂದು ತಿಂಗಳುಗಟ್ಟಲೆ ಇದನ್ನು ತಿಂದರೆ, ಎರಡು ಕಡೆಯಿಂದಲೂ ಪೊಟ್ಯಾಸಿಯಮ್ಮಿನ ಸೋರಿಕೆ ಪ್ರಾರಂಭವಾಗುತ್ತದೆ. ಹೃದಯ ಮತ್ತು ಮೂತ್ರಪಿಂಡಗಳ ರೋಗವುಳ್ಳವರೂ ಗರ್ಭಿಣಿಯರೂ ಇದನ್ನು ವರ್ಜಿಸತಕ್ಕದ್ದು.

ಕತೆ ಇಲ್ಲಿಗೇ ನಿಲ್ಲುವುದಿಲ್ಲ. ಬೇರಿನ ಗುಣವೆಲ್ಲವೂ ಆ ಮಧುರಸತ್ತ್ವದಲ್ಲಿಯೇ ಇಲ್ಲವೆಂದು ಮುಂದೆ ಕಂಡುಬಂದು, ಅದನ್ನು ಬಹುಮಟ್ಟಿಗೆ ತೆಗೆದುಹಾಕಿ ಫ್ಲೇವನಾಯ್ಡುಗಳನ್ನು ಉಳಿಸಿಕೊಂಡ ಸಾರಗಳು ತಯಾರಾದುವು. ಅಂಥ ಒಂದು ಸಾರವನ್ನು 75 ಮಿಲಿಗ್ರಾಮಿನಂತೆ ದಿನಕ್ಕೆರಡು ಬಾರಿ 30 ದಿನ ಕೊಟ್ಟು, ಹುಣ್ಣಿಲ್ಲದ ಅಜೀರ್ಣದ 50 ಮಂದಿ ರೋಗಿಗಳ ಮೇಲೆ ಬೆಂಗಳೂರಿನಲ್ಲಿ ನಡೆಸಿದ ಪರೀಕ್ಷೆಯೊಂದು 2012ರಲ್ಲಿ ಪ್ರಕಟವಾಯಿತು. ಹುಸಿಗುಳಿಗೆ ಪಡೆದವರಿಗಿಂತ ಸಾರವನ್ನು ಪಡೆದವರ ತೊಂದರೆಗಳು ಹೆಚ್ಚು ತಗ್ಗಿದುವು. ಐವತ್ತು ಮಂದಿಯ ಪರೀಕ್ಷೆಯಿಂದ ಸಿದ್ಧಾಂತ ಕಟ್ಟಲಾಗದು. ಆದರೂ ಒಂದು ಹಳೆಯ ದ್ರವ್ಯವನ್ನು ಹೇಗೆ ಬಿಡಿಸಿ ನೋಡಬೇಕೆಂಬುದಕ್ಕೆ ಈ ಬೇರಿನ ಎಪ್ಪತ್ತು ಎಂಬತ್ತು ವರ್ಷಗಳ ಚರಿತ್ರೆಯು ಒಳ್ಳೆಯ ಮಾದರಿ.

ನೆಲ್ಲಿಕಾಯಿಯ ವಿಚಾರವು ಬೇರೊಂದು ಬಗೆಯಲ್ಲಿ ಸ್ವಾರಸ್ಯಕರ. ಹುಳಿಯ ರೋಗಕ್ಕೆ ಹುಳಿಯ ಕಾಯಿಯನ್ನು ಕೊಡುವುದೆಂತು? ನೆಲ್ಲಿಯು ರುಚಿಯಲ್ಲಿ ಆಮ್ಲವಾದರೂ ವಿಪಾಕದಲ್ಲಿ ಮಧುರ, ವೀರ್ಯದಲ್ಲಿ ಶೀತ, ಆದುದರಿಂದ ಪಿತ್ತವನ್ನು ಅಡಗಿಸುತ್ತದೆಂದು ಶಾಸ್ತ್ರದ ಸಮಾಧಾನ. ಕರಾವಳಿಯವರು ಪುನರ್ಪುಳಿಯ ಸಾರಿನ ಬಗೆಗೂ ಇದೇ ವಾದವನ್ನು ಹೂಡುವುದುಂಟು. ರುಚಿಯೊಂದರಿಂದಲೇ ದ್ರವ್ಯದ ಕಾರ್ಯವನ್ನು ನಿರ್ಣಯಿಸಬಾರದೆಂಬ ಈ ಎಚ್ಚರಿಕೆ ಮೆಚ್ಚತಕ್ಕದ್ದೇ. ಆದರೆ ವಿಪಾಕವೆಂಬುದು ಪರೀಕ್ಷೆಗೆ ನಿಲುಕುವ ಅಳತೆಯಲ್ಲ, ರೋಗಿಗೆ ಆದ ಹಿತವು ಮಾತ್ರ ನಿಲುಕುತ್ತದೆ. ಇರಾನಿನಲ್ಲಿ 68 ಮಂದಿ ಎದೆಯುರಿಯ ರೋಗಿಗಳಿಗೆ ನಾಲ್ಕು ವಾರ ನೆಲ್ಲಿಯ ಗುಳಿಗೆಗಳನ್ನು ಕೊಟ್ಟು ಮಾಡಿದ ಪರೀಕ್ಷೆಯು 2018ರಲ್ಲಿ ಪ್ರಕಟವಾಯಿತು. ಹುಸಿಗುಳಿಗೆಗಿಂತ ನೆಲ್ಲಿಯಿಂದ ಉರಿಯೂ ಹುಳಿನೀರೂ ಹೆಚ್ಚು ಕಡಿಮೆಯಾದುವು. ದೊಡ್ಡ ಪರೀಕ್ಷೆಗಳು ಮುಂದೆ ನಡೆಯಬೇಕು. ಆದರೆ ಅಂಗಡಿಯ ನೆಲ್ಲಿಯ ಮುರಬ್ಬ, ಉಪ್ಪುಕಾರದಲ್ಲಿ ಅದ್ದಿದ ಉಪ್ಪಿನಕಾಯಿ ಇವು ಆ ಪರೀಕ್ಷೆಯ ಗುಳಿಗೆಗಳಲ್ಲವೆಂದು ಹೇಳಬೇಕಾದುದಿಲ್ಲ.

ಶುಂಠಿಯ ಮೇಲೆ ತೈವಾನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದು ಅಧ್ಯಾಪಕರಿಗೆ ತರಗತಿಯಲ್ಲಿ ಉಪಯೋಗಕ್ಕೆ ಬರುವಂಥದು. 11 ಮಂದಿ ಅಜೀರ್ಣದ ರೋಗಿಗಳಿಗೆ 1.2 ಗ್ರಾಂ ಶುಂಠಿಯನ್ನು ಕೊಟ್ಟಾಗ ಜಠರವು ಅರ್ಧ ಬರಿದಾಗುವ ಕಾಲವು 16.1 ನಿಮಿಷದಿಂದ 12.3 ನಿಮಿಷಕ್ಕೆ ಇಳಿಯಿತು. ಆದರೆ ರೋಗಿಗಳ ತೊಂದರೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಶುಂಠಿಯು ದೀಪನವೆಂಬ ಹಳೆಯ ಮಾತಿಗೆ ಒಂದು ಅಂಕಿಯ ಆಧಾರ ದೊರೆತಂತಾಯಿತು. ಅಂಕಿ ಬದಲಾದ ಮಾತ್ರಕ್ಕೆ ಹೊಟ್ಟೆ ಹಗುರವಾಗುವುದಿಲ್ಲವೆಂಬುದೂ ತಿಳಿಯಿತು. ಜೀರಿಗೆ, ಕೊತ್ತಂಬರಿ, ನೀರುಮಜ್ಜಿಗೆ, ಮಲೆನಾಡಿನ ತಂಬುಳಿಗಳು ಆಹಾರದ ಸಾಲಿಗೇ ಸೇರತಕ್ಕವು. ಹಿತವೆನಿಸಿದವರು ಧಾರಾಳವಾಗಿ ಬಳಸಬಹುದು.

ಧಾರಾಳತನಕ್ಕೆ ಎಡೆಯೇ ಇಲ್ಲದ ಗುಂಪೊಂದಿದೆ. ಅಮ್ಲಪಿತ್ತಕ್ಕೆ ಪ್ರಸಿದ್ಧವಾದ ಸೂತಶೇಖರ ರಸದಲ್ಲಿ ಪಾದರಸ, ಗಂಧಕ, ತಾಮ್ರಭಸ್ಮ, ವತ್ಸನಾಭಿ, ದತ್ತೂರಿ ಬೀಜಗಳು ಸೇರುತ್ತವೆ. ಶೋಧನೆಮಾಡಿದ ದ್ರವ್ಯಗಳೆಂದು ಶಾಸ್ತ್ರವು ಹೇಳುತ್ತದೆ. ಆದರೆ ಪ್ರತಿಯೊಂದು ತಯಾರಿಕೆಯಲ್ಲಿ ಆ ಶೋಧನೆಯು ಎಷ್ಟರಮಟ್ಟಿಗೆ ನಡೆದಿದೆಯೆಂಬುದನ್ನು ಕೊಳ್ಳುವವನು ಅರಿಯಲಾರ. ಬಾಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದೀಯ ತಯಾರಿಕೆಗಳಲ್ಲಿ 14ರಲ್ಲಿ ಸೀಸ, ಪಾದರಸ, ಪಾಷಾಣಗಳಲ್ಲಿ ಒಂದೋ ಹೆಚ್ಚೋ ಕಂಡುಬಂದುವೆಂದು 2004ರಲ್ಲಿ ವರದಿಯಾಯಿತು. ನಮ್ಮ ದೇಶದ ಔಷಧನಿಯಮಗಳು ಇಂಥ ವಿಷದ್ರವ್ಯಗಳ ಪಟ್ಟಿಯನ್ನು ಪ್ರತ್ಯೇಕವಾಗಿಟ್ಟು, ಅವುಳ್ಳ ಔಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಅಚ್ಚುಮಾಡುವಂತೆ ವಿಧಿಸಿವೆ. ಎದೆಯುರಿಯಂಥ, ಬಹುಮಟ್ಟಿಗೆ ಪ್ರಾಣಾಪಾಯವಿಲ್ಲದ ತೊಂದರೆಗೆ ಪಾದರಸವನ್ನು ಆಶ್ರಯಿಸುವ ಅಗತ್ಯವು ಇಂದು ಇದೆಯೆಂದು ನಮಗೆ ತೋರುವುದಿಲ್ಲ.

ಹಾಗಾದರೆ ಜನರು ಆಧುನಿಕ ಗುಳಿಗೆಗಳನ್ನು ಬಿಟ್ಟು ಇತ್ತ ಬರುವುದೇಕೆ? ಒಮೆಪ್ರಜೋಲ್ ವರ್ಗದ ಔಷಧಗಳು 1980ರ ದಶಕದ ಕೊನೆಯಲ್ಲಿ ಬಂದುವು. ಆಮ್ಲವನ್ನು ಹೊರಹಾಕುವ ಜೀವಕೋಶಗಳ ಯಂತ್ರವನ್ನೇ ಅವು ನಿಲ್ಲಿಸುವುದರಿಂದ ಹುಣ್ಣುಗಳಲ್ಲಿಯೂ ಅನ್ನನಾಳದ ಉರಿಯೂತದಲ್ಲಿಯೂ ಅವುಗಳಿಗೆ ಸಮಾನವಾದ ಗಿಡಮೂಲಿಕೆಯಿಲ್ಲವೆಂಬುದನ್ನು ಸಂಕೋಚವಿಲ್ಲದೆ ಒಪ್ಪಬೇಕು. ಆದರೆ ಅವುಗಳನ್ನು ನಿಲ್ಲಿಸುವುದು ಸುಲಭವಲ್ಲ. ಜಠರದ ದೂರೇ ಇಲ್ಲದ 120 ಮಂದಿ ಆರೋಗ್ಯವಂತರ ಮೇಲೆ ಡೆನ್ಮಾರ್ಕಿನಲ್ಲಿ ನಡೆದ ಪರೀಕ್ಷೆಯು 2009ರಲ್ಲಿ ಪ್ರಕಟವಾಯಿತು. ಎಂಟು ವಾರ ಇಂಥ ಔಷಧವನ್ನು ತೆಗೆದುಕೊಂಡು ನಿಲ್ಲಿಸಿದವರಲ್ಲಿ ನೂರಕ್ಕೆ 44 ಮಂದಿಗೆ ಎದೆಯುರಿ ಮೊದಲಾದ ತೊಂದರೆಗಳು ಹೊಸದಾಗಿ ತಲೆದೋರಿದುವು. ಹುಸಿಗುಳಿಗೆಯವರಲ್ಲಿ ನೂರಕ್ಕೆ 15 ಮಂದಿಗೆ ಮಾತ್ರ. ತಡೆದಿಟ್ಟ ಆಮ್ಲವು ಕಟ್ಟೆ ತೆಗೆದೊಡನೆ ಮೊದಲಿಗಿಂತ ಹೆಚ್ಚಾಗಿ ನುಗ್ಗುವುದೇ ಇದಕ್ಕೆ ಕಾರಣ. ಈ ಉಬ್ಬರವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆಂಬುದನ್ನು ರೋಗಿಗೆ ಯಾರೂ ಹೇಳಿರುವುದಿಲ್ಲ. ಆ ನಡುವೆ ಅವನು ಕೈಗೆತ್ತಿಕೊಂಡ ಚೂರ್ಣಕ್ಕೆ ಗುಣದ ಕೀರ್ತಿ ಸಲ್ಲುತ್ತದೆ, ಅಥವಾ ಸೋತು ಮತ್ತೆ ಗುಳಿಗೆಗೆ ಮರಳಿದರೆ ಆಯುರ್ವೇದಕ್ಕೆ ಅಪಕೀರ್ತಿ ಸಲ್ಲುತ್ತದೆ. ಎರಡೂ ಅನ್ಯಾಯವೇ.

ಹಳೆಯ ಗ್ರಂಥಗಳಲ್ಲಿ ಔಷಧಕ್ಕಿಂತ ಹೆಚ್ಚು ಗಟ್ಟಿಯಾಗಿರುವುದು ಪಥ್ಯದ ಭಾಗ. ಡಬ್ಬಿಯಲ್ಲಿ ಸಿಗದ ಭಾಗವೂ ಅದೇ. ಹಳೆಯ ಅಕ್ಕಿ, ಗೋಧಿ, ಜವೆ, ಹೆಸರುಬೇಳೆ, ಹಾಗಲ, ದಾಳಿಂಬೆ, ಕಾಯಿಸಿ ಆರಿಸಿದ ನೀರು ಹಿತ. ಉದ್ದು, ಎಳ್ಳು, ಮೊಸರು, ಮದ್ಯ, ಹುಳಿಯುಪ್ಪುಖಾರಗಳ ಅತಿಸೇವನೆ ಅಹಿತ. ಅಮ್ಲಪಿತ್ತವನ್ನು ಹುಟ್ಟಿಸುವ ದ್ರವ್ಯಗಳಲ್ಲೆಲ್ಲ ಅಗ್ರಗಣ್ಯವೆಂದು ಚರಕನು ಹೆಸರಿಸುವುದು ಹುರುಳಿಯನ್ನು. ಹುರುಳಿಸಾರಿನ ನಾಡಾದ ಹಳೆಯ ಮೈಸೂರಿನವರಿಗೆ ಇದು ಅಪ್ರಿಯವಾದ ವಾರ್ತೆ; ಆದರೆ ಆ ಸಾರು ಉಂಡ ಮಧ್ಯಾಹ್ನ ತಮಗೇನಾಗುತ್ತದೆಂಬುದನ್ನು ಅವರವರೇ ಪರೀಕ್ಷಿಸಿಕೊಳ್ಳಬಹುದು. ಇಂದಿನ ವೈದ್ಯರು ಪರೀಕ್ಷೆಗಳಿಂದ ಸಮರ್ಥಿಸಿಕೊಂಡಿರುವ ನಿಯಮಗಳು ಇವುಗಳಿಗಿಂತ ಸರಳ: ಬೊಜ್ಜಿದ್ದವರು ತೂಕ ಇಳಿಸುವುದು, ರಾತ್ರಿಯೂಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆ ಬಿಡುವುದು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು ಎತ್ತರಿಸುವುದು, ಎಡಮಗ್ಗುಲಾಗಿ ಮಲಗುವುದು, ಹೊಗೆಸೊಪ್ಪನ್ನು ಬಿಡುವುದು. ರಾತ್ರಿ ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗುವ ಮನೆಯಲ್ಲಿ ಯಾವ ಚೂರ್ಣವೂ ಯಾವ ಗುಳಿಗೆಯೂ ಪೂರ್ತಿಯಾಗಿ ಗೆಲ್ಲುವುದಿಲ್ಲ.

ಕಾಶ್ಯಪಸಂಹಿತೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ರೋಗವು ಜೌಗಿನಿಂದ ಕೂಡಿದ ಅನೂಪದೇಶದಲ್ಲಿ ಹೆಚ್ಚೆಂದೂ, ಔಷಧಕ್ಕೆ ಬಗ್ಗದಿದ್ದರೆ ಬೇರೆ ದೇಶಕ್ಕೆ ಹೋಗಬೇಕೆಂದೂ ಹೇಳುತ್ತದೆ. ಕರಾವಳಿಯ ಕಾಲೇಜುಗಳಿಂದ ಬಯಲುಸೀಮೆಗೆ ವರ್ಗವನ್ನು ಬೇಡುವ ಅಧ್ಯಾಪಕರಿಗೆ ಇದೊಂದು ಆಧಾರವಾದೀತು. ಅಧಿಕಾರಿಗಳು ಒಪ್ಪುವುದು ಬೇರೆ ಮಾತು. ಮಾಧವಕರನಾದರೋ ರೋಗದ ಗತಿಯನ್ನು ಯಾವ ಆಶ್ವಾಸನೆಯ ಬಣ್ಣವೂ ಇಲ್ಲದೆ ಹೇಳಿಬಿಟ್ಟಿದ್ದಾನೆ. ಹೊಸದಾಗಿ ಬಂದುದು ಪ್ರಯತ್ನದಿಂದ ಸಾಧ್ಯ; ಹಳೆಯದಾದುದು ಯಾಪ್ಯ, ಎಂದರೆ ಚಿಕಿತ್ಸೆಯೂ ಪಥ್ಯವೂ ನಡೆಯುತ್ತಿರುವವರೆಗೆ ಅಡಗಿದ್ದು ಬಿಟ್ಟೊಡನೆ ಮರಳುವುದು. ಹೆಲಿಕೋಬ್ಯಾಕ್ಟರನ್ನು ನಿರ್ಮೂಲಮಾಡಿದ ಹುಣ್ಣು ಇಂದು ಈ ಎರಡನೆಯ ಪಟ್ಟಿಯಿಂದ ಹೊರಬಂದಿದೆ. ಅನ್ನನಾಳಕ್ಕೆ ಉಕ್ಕುವ ಆಮ್ಲದ ರೋಗವು ಬಹುಮಂದಿಯ ಪಾಲಿಗೆ ಇನ್ನೂ ಅಲ್ಲಿಯೇ ಇದೆ.